‘ತೊಳೆಯಲಾಗಿದೆ’ ಎಂಬ ಮುದ್ರೆಯ ಕುರಿತು

ಸಾಬೂನು ಕಾರ್ಖಾನೆಯ ಖಾಲಿ ಡ್ರಮ್ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಾವು ಕುಟುಂಬ ಸಮೇತ ಕ್ಷೇಮವಾಗಿರುವಿರೆಂದು ನಂಬಿ, ಮುದ್ರೆಯೊತ್ತುವ ತಮ್ಮ ಕೈಗೆ ದೀರ್ಘಾಯುಷ್ಯ ಕೋರುತ್ತಾ, ತ್ರೆಬೀಚ್ ಪಟ್ಟಣದ ನಿವೃತ್ತ ಬಸ್ ಮೆಕ್ಯಾನಿಕ್ ಆದ ನಾನು ಈ ಪತ್ರದ ಒಂದು ಪ್ರತಿಯನ್ನು ನಮ್ಮ ಕಟ್ಟಡದ ನೋಟಿಸ್ ಬೋರ್ಡಿಗೆ ಹಚ್ಚಿ ಇನ್ನೊಂದನ್ನು ತಮಗೆ ಕಳುಹಿಸುತ್ತಿದ್ದೇನೆ.

ನಮ್ಮ ನಲ್ಲಿ ನೀರು ಬಹಳ ಗಡಸು. ನನ್ನ ಏಂಜೆಲ್ ಮೀನುಗಳಿಗೆ ಅದು ಒಗ್ಗದ ಕಾರಣ, ಮಳೆನೀರನ್ನು ಅದರೊಂದಿಗೆ ಬೆರೆಸಿ ನೆಲಮಾಳಿಗೆಯ ಡ್ರಮ್ಮಿನಲ್ಲಿ ಎರಡು ದಿನ ನಿಲ್ಲಿಸಿ ಬಳಸುವುದು ನನ್ನ ಪದ್ಧತಿ. ಈ ಹದಿನಾಲ್ಕು ಮೀನುಗಳು ನನ್ನ ಹೆಂಡತಿ ಯಾರ್ಮಿಲಾ ತೀರಿಕೊಳ್ಳುವ ಮೊದಲು ಕೈಯಾರೆ ಸಾಕಿದ ಜೋಡಿಯ ಮರಿಮೊಮ್ಮಕ್ಕಳು. ಮನೆಯಲ್ಲಿ ಅವುಗಳ ಹೊರತು ನನಗೆ ಬೇರೆ ಮಾತಿನ ಜೊತೆಯಿಲ್ಲ.

ಇನ್ನೊಂದು ಡ್ರಮ್ ಬೇಕಾಗಿ ತಮ್ಮ ಕಾರ್ಖಾನೆಯ ಗೇಟಿನಲ್ಲಿ ಕೊಂಡ ನೀಲಿ ಡ್ರಮ್ಮಿನ ಮೇಲೆ ‘ತೊಳೆಯಲಾಗಿದೆ’ ಎಂಬ ಮುದ್ರೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದನ್ನು ಅನುಮಾನಿಸುವುದು ಅಸಭ್ಯವೆನಿಸಿತು. ಆದರೂ ಮೂರು ಬಾರಿ ತೊಳೆದೆ. ಮೂರನೆಯ ಬಾರಿಯೂ ಸ್ಟ್ರಾಬೆರಿ ಪರಿಮಳ ಬಂದಾಗ, ಕಾರ್ಖಾನೆಯವರು ಪ್ರೀತಿಯಿಂದ ಸೇರಿಸಿಕೊಟ್ಟ ಉಡುಗೊರೆ ಇರಬೇಕೆಂದು ಸುಮ್ಮನಾದೆ. ಆ ಮೂರ್ಖತನ ನನ್ನದು. ಅದರಲ್ಲಿ ತಮಗೆ ಪಾಲು ಬೇಡ.

ಶನಿವಾರ ಬೆಳಿಗ್ಗೆ ಆ ಡ್ರಮ್ಮಿನ ನೀರನ್ನು ಮೀನಿನ ತೊಟ್ಟಿಗೆ ಹಾಯಿಸಿದೆ. ಐದು ನಿಮಿಷದಲ್ಲಿ ನೊರೆ ಮುಚ್ಚಳವನ್ನೆತ್ತಿ, ಮೇಜಿನಿಂದಿಳಿದು, ನನ್ನ ಚಪ್ಪಲಿಯನ್ನು ವಿಚಾರಿಸಿಕೊಂಡಿತು. ಇಷ್ಟು ಬಾರಿ ತೊಳೆದ ಮೇಲೂ ಇಷ್ಟು ನೊರೆ ಕೊಡುವ ಸಾಬೂನನ್ನು ತಯಾರಿಸಿದ್ದಕ್ಕೆ ಅಭಿನಂದನೆಗಳು. ಅಷ್ಟರಲ್ಲಿ ಎರಡು ಮೀನು ಮಗ್ಗುಲಾಗಿ ತೇಲುತ್ತಿದ್ದವು. ಎಲ್ಲವನ್ನೂ ಬಲೆಯಿಂದ ಎತ್ತಿ ಒಂದು ಬಕೆಟ್ಟಿಗೆ ಹಾಕಿದೆ.

ಒಂದು ಕಾಲದಲ್ಲಿ ಬೇಕರಿಗೆ ಸಕ್ಕರೆ ಪಾಕ ತುಂಬಿ ಬಂದಿದ್ದ, ನೆಲಮಾಳಿಗೆಯ ನನ್ನ ಹಳೆಯ ಡ್ರಮ್ಮಿನಲ್ಲಿ ಒಳ್ಳೆಯ ನೀರಿತ್ತು, ಆದರೆ ಮೀನುಗಳನ್ನು ಬಿಡಲು ಜಾಗವಿರಲಿಲ್ಲ. ಈ ಮೀನಿನ ತೊಟ್ಟಿಗೆ ಸ್ಥಳ ಮಾಡಲೆಂದೇ ನಾನು ನಮ್ಮ ಸ್ನಾನದ ತೊಟ್ಟಿಯನ್ನು ಕಿತ್ತು ಷವರ್ ಹಾಕಿಸಿದ್ದೆ. ವಿಧಿಯಿಲ್ಲದೆ ಬಕೆಟ್ ಹಿಡಿದು ಎದುರುಮನೆಯ ದ್ರಾಹೊಮೀರಾ ಅವರ ಬಾಗಿಲು ಬಡಿದೆ. ನನ್ನ ಡ್ರಮ್ಮುಗಳನ್ನು ನೆಲಮಾಳಿಗೆಯಿಂದ ತೆಗೆಸಬೇಕೆಂದು ಮೂರು ವರ್ಷಗಳಿಂದ ಅರ್ಜಿ ಬರೆಯುತ್ತಿರುವ ಮಹಿಳೆ ಅವರು. ಬಕೆಟ್ಟಿನೊಳಗೆ ಇಣುಕಿ ನೋಡಿ, “ನಿಮ್ಮನ್ನ ಆಮೇಲೆ ವಿಚಾರಿಸ್ಕೊಳ್ತೀನಿ ಮಾತೌಶೆಕ್, ಮೊದಲು ಇವನ್ನ ಒಳಗೆ ತನ್ನಿ” ಎಂದರು. ತಮ್ಮ ಸ್ನಾನದ ತೊಟ್ಟಿಯನ್ನು ಉಜ್ಜಿ ತೊಳೆದು, ನನ್ನೊಂದಿಗೆ ಇಪ್ಪತ್ತೆರಡು ಬಕೆಟ್ ನೀರು ಹೊತ್ತರು. ಹನ್ನೆರಡು ಮೀನು ಉಳಿದವು. ಸತ್ತ ಎರಡನ್ನು ಅವರೇ ತಮ್ಮ ಹೂಕುಂಡದಲ್ಲಿ ಹೂತರು.

ಈಗ ಒಂದು ತೊಡಕು. ಅವರ ಸ್ನಾನದ ತೊಟ್ಟಿಯ ಗೋಡೆಯ ಮೇಲೆ ಒಂದು ಜೋಡಿ ಮೊಟ್ಟೆಯಿಟ್ಟಿದೆ. “ಬಾಣಂತೀನ ಎಬ್ಬಿಸ್ತಾರೇನ್ರೀ?” ಎಂದು ಕೇಳಿದ ದ್ರಾಹೊಮೀರಾ, ಮೀನುಗಳನ್ನು ಮುಟ್ಟಗೊಡುತ್ತಿಲ್ಲ. ಹೀಗಾಗಿ ದಿನವೂ ಬೆಳಿಗ್ಗೆ ಏಳಕ್ಕೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಮ್ಮ ಮನೆಗೆ ಸ್ನಾನಕ್ಕೆ ಬರುತ್ತಾರೆ. ಆಮೇಲೆ ಕಾಫಿ ಕುಡಿಯುತ್ತಾ ನನ್ನ ತಪ್ಪುಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ಎಂಟು ವರ್ಷಗಳಿಂದ ನಾನು ಒಂದೇ ಬಟ್ಟಲು ತೊಳೆಯುತ್ತಿದ್ದೆ. ಈಗ ಎರಡು ತೊಳೆಯುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಸತ್ತ ಎರಡು ಮೀನುಗಳನ್ನು ಹಿಂದಿರುಗಿಸಬೇಕು. ಸ್ಟ್ರಾಬೆರಿ ಪರಿಮಳವನ್ನು ತಾವು ಖುದ್ದಾಗಿ ಬಂದು ವಾಪಸು ಕೊಂಡೊಯ್ಯಬೇಕು. ‘ತೊಳೆಯಲಾಗಿದೆ’ ಎಂಬುದರ ಕೆಳಗೆ, ಯಾರು, ಎಂದು, ಯಾವ ನಂಬಿಕೆಯಿಂದ ತೊಳೆದರೆಂದು ಬರೆಯಬೇಕು. ಆದರೆ ಬೆಳಗಿನ ಕಾಫಿಗೆ ಸಂಬಂಧಿಸಿದಂತೆ ಯಾವುದೇ ಪರಿಹಾರ ಕ್ರಮ ಕೈಗೊಳ್ಳಬಾರದೆಂದು ವಿನಂತಿ.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಇರಲು ಯತ್ನಿಸುತ್ತಿರುವ,
ಆಲೋಯಿಸ್ ಮಾತೌಶೆಕ್

ತಾ.ಕ.: ಸೋಮವಾರ ದೂರು ಕೊಡಲು ತಮ್ಮ ಕಚೇರಿಗೆ ಬಂದಿದ್ದೆ. ಒಳಗಿನ ಕೋಣೆಯಲ್ಲಿ ಸೊಗಸಾದ ಮೀನಿನ ತೊಟ್ಟಿಯಿದೆ. ಕಸ ಗುಡಿಸುವ ಹೆಂಗಸು ಅದಕ್ಕೆ ಅಂಗಡಿಯಿಂದ ತಂದ ಕುಡಿಯುವ ನೀರಿನ ಬಾಟಲಿಗಳನ್ನು ಸುರಿಯುತ್ತಿದ್ದಳು. ಡ್ರಮ್ಮಿನಲ್ಲಿ ಯಾಕೆ ತುಂಬಿಡುವುದಿಲ್ಲವೆಂದು ಕೇಳಿದೆ. “ನಮ್ಮ ಡ್ರಮ್ಮಲ್ಲಾ? ನಿಮಗೇನು ತಲೆ ಕೆಟ್ಟಿದೆಯಾ? ಇವು ಮುಖ್ಯಸ್ಥರ ಮೀನು” ಎಂದಳು.