ಕ್ಲೆಮ್ ಹ್ಯಾಡ್ರಿಲ್‌ನ ಸಮಾಧಿಯ ಮುಂದೆ ಕ್ಲೆಮ್ ಹ್ಯಾಡ್ರಿಲ್

ಅಷ್ಟೂ ಎಡವಟ್ಟಿಗೆ ಕಾರಣ ಕಲ್ಲಿನ ಮೇಲಿದ್ದ ಒಂದು ಪುಟ್ಟ ಅಡ್ಡಗೆರೆ.

ನೋರೀನ್ ತೀರಿಕೊಂಡಾಗ ಕಲ್ಲು ಕೆತ್ತುವವನು ಕ್ಲೆಮ್ ಹ್ಯಾಡ್ರಿಲ್‌ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಹೆಸರನ್ನೂ ಈಗ್ಲೇ ಕೆತ್ತಿಬಿಡ್ತೀನಿ ಮೇಟ್. ಆಮೇಲೆ ಕೆತ್ತಿದ್ರೆ ಅಕ್ಷರದ ಬಣ್ಣ ಹೊಂದಲ್ಲ" ಎಂದಿದ್ದ. ಮೆಲ್ಬರ್ನಿನ ಗಂಡಹೆಂಡಿರಲ್ಲಿ ಇದೇನು ಹೊಸದಲ್ಲ. ಒಬ್ಬರು ಹೋದಾಗ ಇಬ್ಬರ ಹೆಸರೂ ಕಲ್ಲಿಗೇರುತ್ತದೆ, ಉಳಿದವರು ತಾರೀಖಿಗೆ ಕಾಯುತ್ತಾರೆ. ಹೀಗಾಗಿ ಕ್ವಾರಿ ಹಿಲ್ ಸ್ಮಶಾನದ ಮೆಥಡಿಸ್ಟ್ ಪಂಗಡದವರ ಸಾಲಿನಲ್ಲಿ, ನೋರೀನಳ ಹೆಸರಿನ ಕೆಳಗೆ, 'ಮತ್ತು ಆಕೆಯ ಪತಿ ಕ್ಲೆಮೆಂಟ್, ಟ್ರಾಮ್ ಕಂಡಕ್ಟರ್, ೧೯೪೬' ಎಂದು ಕೆತ್ತಿ, ಪಕ್ಕದಲ್ಲೊಂದು ಅಡ್ಡಗೆರೆ ಎಳೆದು, ಮುಂದಕ್ಕೆ ಖಾಲಿ ಬಿಟ್ಟಿತ್ತು. ಹತ್ತಿದ ಸ್ಟಾಪು ಗೊತ್ತು, ಇಳಿಯುವ ಸ್ಟಾಪು ಗೊತ್ತಿಲ್ಲ, ಅಷ್ಟೇ.

ಕ್ಲೆಮ್ ಪ್ರತಿ ಬುಧವಾರ ಅಲ್ಲಿಗೆ ಹೋಗಿ ಕಳೆ ಕೀಳುತ್ತಿದ್ದ. 'ಕ್ವಾರಿ ಹಿಲ್ ಗೆಳೆಯರು' ಎಂಬ ಸಂಘದ ಕಳೆ ಕೀಳುವ ಪಡೆಯಲ್ಲಿ ಅವನೊಬ್ಬ. ಭಾನುವಾರ ಸಂಘದವರೇ ಜನರನ್ನು ಕರೆದುಕೊಂಡು ಸ್ಮಶಾನದ ಇತಿಹಾಸ ಹೇಳುತ್ತ ಸುತ್ತಾಡಿಸುತ್ತಾರೆ. ಆ ಗದ್ದಲಕ್ಕೆ ಅವನು ಹೋದವನಲ್ಲ. ಆದರೆ ಸೆಪ್ಟೆಂಬರಿನ ಆ ಭಾನುವಾರ ಮನೆ ಬುಧವಾರಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಕಂಡಿತು. ನಿಂತುಕೊಂಡೇ ಟೋಸ್ಟ್ ತಿಂದ. ರೇಡಿಯೋದವನು "ಶುಭೋದಯ" ಎಂದಾಗ "ನಿಮಗೂ" ಎಂದುಬಿಟ್ಟ. ತನ್ನ ದನಿ ಕೇಳಿ ತಾನೇ ಬೆಚ್ಚಿಬಿದ್ದ. ಇಷ್ಟರ ಮೇಲೆ ಮನೆಯಲ್ಲಿರುವುದು ಸರಿಯಲ್ಲವೆನಿಸಿ, ಬೀಗದ ಕೈ ಮತ್ತು ಕಳೆ ಕೀಳುವ ಮುಳ್ಳುಕೈ ಜೇಬಿಗೆ ಹಾಕಿಕೊಂಡು ಹೊರಟ.

ಅದು ಮ್ಯಾಗ್ಪೈ ಹಕ್ಕಿಗಳು ಮರಿ ಮಾಡುವ ಕಾಲ. ಮರದಡಿ ಹಾದವರ ತಲೆಯನ್ನು ಅವು ಸಾಲದವರಿಗಿಂತ ಹಟದಿಂದ ಕುಕ್ಕುತ್ತವೆ. ಕ್ಲೆಮ್‌ನ ತಲೆಯಲ್ಲಿ ಕೂದಲೂ ಇರಲಿಲ್ಲ. ಅದಕ್ಕೇ ಊರವರೆಲ್ಲ ಮಾಡುವಂತೆ ಖಾಲಿ ಐಸ್‌ಕ್ರೀಂ ಡಬ್ಬಿಗೆ ಎರಡು ಕಣ್ಣು ಬರೆದು ತಲೆಗೆ ಕವುಚಿಕೊಂಡಿದ್ದ. ಹಕ್ಕಿಗೆ ಹೆದರಿಕೆ, ನೋಡಿದ ಮನುಷ್ಯರಿಗೆ ಮರುಕ.

ಗೇಟಿನೊಳಗೆ ಹತ್ತಾರು ಜನ ಸೇರಿದ್ದರು. ಮುಂದೆ ಲೋರ್ನಾ ಪಿಕ್ಸ್‌ಲಿ ನಿಂತಿದ್ದಳು. ನಿವೃತ್ತ ಹೆಡ್‌ಮಿಸ್ಟ್ರೆಸ್, ಸಂಘಕ್ಕೆ ಹೊಸಬಳು, ಸತ್ತವರನ್ನೂ ಸಾಲಾಗಿ ನಿಲ್ಲಿಸಬಲ್ಲ ದನಿ. ಜನರ ಜೊತೆ ನಿಂತರೆ ಬೆಚ್ಚಗಿರುತ್ತದಲ್ಲ ಎಂದು ಕ್ಲೆಮ್ ಹಿಂದಿನಿಂದ ಸೇರಿಕೊಂಡ.

"ಚಿನ್ನ ಸಿಕ್ಕಿದೆ ಅಂತ ಹಡಗು ಹಡಗು ಜನ ಬಂದಿಳಿದ ಕಾಲ ಅದು" ಎಂದು ಲೋರ್ನಾ ಶುರು ಮಾಡಿದಳು. "ಎಷ್ಟೋ ಜನ ಚಿನ್ನದ ಮುಖ ನೋಡೋಕೆ ಮುಂಚೆ ಇಲ್ಲಿಗೇ ಬಂದ್ರು. ಬಂದವರು ಸುಮ್ನೆ ಮಲಗಿದ್ರಾ? ಕ್ಯಾಥೊಲಿಕರ ಪಕ್ಕ ಬೇಡ ಅಂತ ಮೆಥಡಿಸ್ಟರು ಬೇಲಿ ಕೇಳಿದ್ರು. ಬೇಲಿಗೆ ಯಾವ ಬಣ್ಣ ಅಂತ ಜಗಳ ಆಗಿ ಇನ್ನೊಂದು ಬೇಲಿ ಬಂತು."

ಮೊದಲು ಹಳೆಯ ಕಾಲದಲ್ಲಿ ಕೈದಿಗಳನ್ನು ಗಲ್ಲಿಗೇರಿಸುತ್ತಿದ್ದವನ ಸಮಾಧಿ. ಅವನನ್ನು ಯಾವ ಪಂಗಡದವರೂ ತಮ್ಮವನೆಂದು ಒಪ್ಪದೆ ಕೊನೆಗೆ ದಾರಿಯ ನಡುವೆಯೇ ಹೂತಿದ್ದರಂತೆ. "ಈಗ ನೀವು ನಿಂತಿರೋದು ಅವನ ಹೊಟ್ಟೆ ಮೇಲೆ" ಎಂದಳು ಲೋರ್ನಾ. ಎಲ್ಲರೂ ಒಟ್ಟಿಗೆ ಪಕ್ಕಕ್ಕೆ ಹಾರಿದರು. ಆಮೇಲೆ ಬಲೂನಿನಲ್ಲಿ ಮೇಲಕ್ಕೆ ಹೋಗಿ ಬೀರು ಕಾರ್ಖಾನೆಯ ತೊಟ್ಟಿಗೆ ಇಳಿದ ಸಾಹಸಿ. ಅವನನ್ನು ಮೇಲೆತ್ತಿದಾಗ ಮುಖದಲ್ಲಿ ನಗುವಿತ್ತಂತೆ.

"ಇನ್ನು ಮುಂದಿನವರು" ಎಂದು ಲೋರ್ನಾ ಮೆಥಡಿಸ್ಟರ ಸಾಲಿಗೆ ತಿರುಗಿದಳು, "ದಿವಂಗತ ಕ್ಲೆಮೆಂಟ್ ಹ್ಯಾಡ್ರಿಲ್."

ಕ್ಲೆಮ್ ಸುತ್ತ ನೋಡಿದ. ಬೇರೆ ಯಾರೂ ಓಗೊಡಲಿಲ್ಲ.

"ನಮ್ಮ ಊರಿನ ಟ್ರಾಮ್ ಕಂಡಕ್ಟರುಗಳ ಕೊನೇ ತಲೆಮಾರಿನವರು. ಹೆಗಲಿಗೆ ಚರ್ಮದ ಚೀಲ, ಬಾಯಿ ತುಂಬ ಮಾತು. ಅವರನ್ನೆಲ್ಲ ಮನೆಗೆ ಕಳಿಸಿ ಟಿಕೀಟಿಗೆ ಮಷಿನ್ ಇಟ್ರು. ಆ ಕೊರಗಲ್ಲೇ ತೀರಿಕೊಂಡಿರಬೇಕು ಪಾಪ. ಮರಣದ ತಾರೀಖು ಗಾಳಿ ಮಳೆಗೆ ಅಳಿಸಿಹೋಗಿದೆ. ಕಲ್ಲು ಕಳಪೆ."

ಸತ್ತದ್ದನ್ನು ಕ್ಲೆಮ್ ಸಹಿಸಿಕೊಂಡಾನು, ಕಲ್ಲು ಕಳಪೆ ಎಂದದ್ದನ್ನಲ್ಲ. ಅದು ಅವನೇ ಮುಟ್ಟಿ ನೋಡಿ ಆರಿಸಿದ ಕರಿ ಗ್ರಾನೈಟು. ಆದರೆ ಬಾಯಿ ತೆರೆಯುವಷ್ಟರಲ್ಲಿ ಮುಂದಿದ್ದವನೊಬ್ಬ ಟೋಪಿ ತೆಗೆದ. ಇನ್ನೊಬ್ಬಳು "ಎಂಥ ಒಳ್ಳೇ ಜನ ಅವರು" ಎಂದು ನಿಟ್ಟುಸಿರಿಟ್ಟಳು. ಕ್ಲೆಮ್‌ನ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತಾಡಿ ಯಾವ ಕಾಲವಾಗಿತ್ತೋ! ಇನ್ನೊಂದೆರಡು ಮಾತು ಕೇಳಿಯೇ ಬದುಕಿದರಾಯಿತು ಎಂದು ಸುಮ್ಮನಾದ.

ಅಷ್ಟರಲ್ಲಿ ಗ್ರೀಕರ ಕಡೆಯ ದಾರಿಯಿಂದ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಬಂದಳು. ಹೆಸರು ವಾಸೊ. ವಯಸ್ಸು ಕ್ಲೆಮ್‌ನಷ್ಟೇ ಇರಬಹುದು, ನಡಿಗೆ ಮಾತ್ರ ಅವನ ಅರ್ಧ ವಯಸ್ಸಿನದು. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ. ಗಂಡ ಪಾಂಡೆಲಿಸ್‌ನ ವರ್ಷದ ಪ್ರಾರ್ಥನೆ ಮುಗಿಸಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ತಂದಿದ್ದಳು.

"ಕ್ಲೆಮ್ ಬಗ್ಗೆ ಹೇಳ್ತಿದ್ದೀರಾ? ನಾನು ಹೇಳ್ತೀನಿ ಕೇಳಿ" ಎಂದು ನೇರ ನಡುವೆ ನುಗ್ಗಿದಳು. "ನಾನು ಹಡಗಿಂದ ಇಳಿದ ಹೊಸತು. ಬಿಸ್ಕತ್ತು ಕಾರ್ಖಾನೇಲಿ ಕೆಲಸ. ಇಂಗ್ಲಿಷ್ ಅಂದ್ರೆ 'ಸಾರಿ' ಒಂದೇ ಗೊತ್ತಿತ್ತು. ಇಡೀ ಊರಲ್ಲಿ ದಿನಾ ನನ್ನ ಮುಖ ನೋಡಿ ಮಾತಾಡಿದ್ದು ಈ ಮನುಷ್ಯ ಒಬ್ಬ. ನಾನು ಓಡಿ ಬರೋದು ಕಂಡ್ರೆ ಹೊರಡೋ ಗಂಟೆ ಹೊಡೀದೆ ಟ್ರಾಮ್ ನಿಲ್ಲಿಸಿರೋನು. ಹೋದ ಚಳಿಗಾಲ ಈ ಕಲ್ಲು ಕಣ್ಣಿಗೆ ಬಿತ್ತು. ಅಯ್ಯೋ, ಹೋಗಿಬಿಟ್ನಲ್ಲ, ಒಂದು ಥ್ಯಾಂಕ್ಸೂ ಹೇಳಲಿಲ್ವಲ್ಲ ಅಂತ ಅತ್ತೆ." ಅವಳು ಡಬ್ಬಿ ತೆರೆದಳು. "ತಗೊಳ್ಳಿ ಎಲ್ರೂ. ಇದು ಪಾಂಡೆಲಿಸ್‌ಗೆ, ಕ್ಲೆಮ್‌ಗೆ ಇಬ್ಬರಿಗೂ ಸೇರಿ."

ಕ್ಲೆಮ್‌ನ ಅಂಗೈಗೂ ಒಂದು ಹಿಡಿ ಬಿತ್ತು. ಸಕ್ಕರೆ, ದಾಳಿಂಬೆ ಹಾಕಿದ ಗೋಧಿ; ಸೊಗಸಾಗಿತ್ತು. ತನ್ನ ತಿಥಿಯನ್ನು ತಾನೇ ಉಂಡು ಬೆರಳು ನೆಕ್ಕುತ್ತ ನಿಂತವನಿಗೆ ಒಂದು ಆಸೆ ಹುಟ್ಟಿತು. ಈ ಹೆಂಗಸಿಗೆ ನಿಜ ಹೇಳಬೇಕು, ಎದುರು ಕೂತು ಒಂದು ಲೋಟ ಚಹಾ ಕುಡಿಯಬೇಕು. ಅವನಿಗೆ ಬೇರೇನೂ ಬೇಕಿರಲಿಲ್ಲ.

"ಲೋರ್ನಾ" ಎಂದ. "ಒಂದು ಮಾತು. ಆ ಕ್ಲೆಮ್ ನಾನೇ."

"ಪ್ರಶ್ನೆಗಳು ಕೊನೆಗೆ" ಎಂದಳು ಲೋರ್ನಾ.

"ಪ್ರಶ್ನೆ ಅಲ್ಲ. ನಾನು ಸತ್ತಿಲ್ಲ."

ಲೋರ್ನಾ ಅವನ ನೆತ್ತಿಯ ಮೇಲಿನ ಡಬ್ಬಿಯನ್ನೂ ಅದರ ಎರಡು ಕಣ್ಣುಗಳನ್ನೂ ನೋಡಿದಳು. "ಸಾರ್, ಯಾರು ಸತ್ತಿದ್ದಾರೆ ಅಂತ ಸಂಘದ ಸಭೇಲಿ ತೀರ್ಮಾನ ಆಗಿದೆ."

ಜನ ನಕ್ಕರು. ಕ್ಲೆಮ್ ಜೇಬು ತಡಕಿದ. ಪಿಂಚಣಿ ಕಾರ್ಡು ಮನೆಯಲ್ಲಿ, ಕೈಗೆ ಬಂದದ್ದು ಮುಳ್ಳುಕೈ. ಆಗಲೇ ದೇವರು ಕಳಿಸಿದಂತೆ ನೆವ್ ಕಟ್‌ಬುಷ್ ಬಂದ. ಬುಧವಾರದ ಪಡೆಯವನು, ಇವತ್ತು ಗೇಟಿನ ಬಳಿ ಸಾಸೇಜು ಸುಡುತ್ತಿದ್ದವನು, ಕೈಯಲ್ಲಿ ಇಕ್ಕಳ.

"ನೆವ್! ನೀನೇ ಹೇಳು, ನಾನ್ಯಾರು?"

ನೆವ್ ಕಲ್ಲು ನೋಡಿದ, ಜನರನ್ನು ನೋಡಿದ, ಕ್ಲೆಮ್‌ನನ್ನು ನೋಡಿದ. ಆ ಪಡೆಯಲ್ಲಿ ಗೋಳು ಹೊಯ್ದುಕೊಳ್ಳುವುದೇ ಪ್ರೀತಿ. ಗೋಳು ಹೊಯ್ದುಕೊಳ್ಳದಿದ್ದರೆ ಅವನನ್ನು ಕಂಡರಾಗದು ಎಂದೇ ಅರ್ಥ. ಇಂಥ ಅವಕಾಶ ನೆವ್‌ಗೆ ಮತ್ತೊಂದು ಜನ್ಮದಲ್ಲೂ ಸಿಗುವಂತಿರಲಿಲ್ಲ.

"ಯಾರಪ್ಪಾ ನೀನು?" ಎಂದ, ಮುಖದ ಒಂದು ಗೆರೆಯೂ ಅಲುಗದಂತೆ. "ಕ್ಲೆಮ್ ಪಾಪ ಹೋಗಿ ಎಷ್ಟು ಕಾಲ ಆಯ್ತು. ಬೀರು ಕುಡಿಸ್ತೀನಿ ಅಂದಿದ್ದ, ಕುಡಿಸದೇ ಹೋದ. ಜುಗ್ಗ! ಬನ್ರಪ್ಪಾ, ಸಾಸೇಜು ಆರಿಹೋಗುತ್ತೆ."

ಯಾರಿಗೂ ಕಾಣದಂತೆ ಕ್ಲೆಮ್‌ಗೊಂದು ಕಣ್ಣು ಹೊಡೆದು, ಜನರನ್ನೆಲ್ಲ ಸಾಸೇಜಿನ ವಾಸನೆಯತ್ತ ಅಟ್ಟಿಕೊಂಡು ಹೋದ. ಲೋರ್ನಾಳೂ ಹೋದಳು. ಉಳಿದದ್ದು ವಾಸೊ ಒಬ್ಬಳೇ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನ್ರೀ, ನಾಚಿಕೆ ಆಗಲ್ವಾ? ಸತ್ತವರ ಹೆಸರು ಇಟ್ಕೊಂಡು ತಮಾಷೆ ಮಾಡ್ತೀರಾ?"

"ತಮಾಷೆ ಅಲ್ಲ. ದೇವರಾಣೆ ನಾನೇ. ಇಲ್ಲಿ ಮಲಗಿರೋದು ನನ್ನ ಹೆಂಡತಿ ಮಾತ್ರ. ಬನ್ನಿ, ಎಲ್ಲಾದ್ರೂ ಕೂತು ಚಹಾ ಕುಡಿಯೋಣ, ಎಲ್ಲ ಹೇಳ್ತೀನಿ."

"ಓಹೋ, ಚಹಾ ಬೇರೆ!" ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಕ್ಲೆಮ್‌ಗೆ ಕಾಕಟೂ ಹಕ್ಕಿ ಥರ ಜುಟ್ಟಿತ್ತು, ಇಷ್ಟು ದಪ್ಪ ಮೀಸೆ ಇತ್ತು. ಹೋಗ್ಲಿ, ನೀವೇ ಅವನಾದ್ರೆ ಹೇಳಿ. ದಿನಾ ಬೆಳಿಗ್ಗೆ ನಾನು ಟ್ರಾಮ್ ಹತ್ತಿದ ತಕ್ಷಣ ಏನು ಹೇಳ್ತಿದ್ರಿ?"

ಕ್ಲೆಮ್ ಕಣ್ಣು ಮುಚ್ಚಿ ನೆನಪು ಕೆದಕಿದ. ಒದ್ದೆ ಕೋಟುಗಳು, ಛತ್ರಿಗಳು, ಬಿಸ್ಕತ್ತಿನ ಘಮ ಹೊತ್ತ ಹುಡುಗಿಯರ ಗುಂಪು. ಅವರಲ್ಲಿ ಇವಳು ಯಾರು? ಕೊನೆಗೆ ಅಂದಾಜಿನಲ್ಲಿ, "ಗಟ್ಟಿಯಾಗಿ ಹಿಡ್ಕೊಳ್ಳಿ, ಅಂತ?" ಎಂದ.

ವಾಸೊಳ ಮುಖ ಮುಚ್ಚಿದ ಅಂಗಡಿಯಂತಾಯಿತು. "ಕಾಲಿಮೇರಾ ಅಂತಿದ್ದ. ನಮ್ಮ ಭಾಷೇಲಿ, ಬೆಳಗಿನ ನಮಸ್ಕಾರ. ನನಗೋಸ್ಕರ ಕಲಿತಿದ್ದ."

ಕ್ಲೆಮ್‌ಗೆ ಥಟ್ಟನೆ ಹೊಳೆಯಿತು. ಹೌದು, ಹೇಳುತ್ತಿದ್ದ! ಕಾರ್ಖಾನೆಯ ಸ್ಟಾಪಿನಲ್ಲಿ ಹತ್ತುವ ಅಷ್ಟೂ ಗ್ರೀಕ್ ಹುಡುಗಿಯರಿಗೆ ಹೇಳುತ್ತಿದ್ದ. ಆದರೆ ಅದನ್ನು ಈಗ ಹೇಗೆ ಹೇಳುವುದು? "ಕಾಲಿಮೇರಾ" ಎಂದ, ಸಣ್ಣ ದನಿಯಲ್ಲಿ.

"ನಾನು ಹೇಳಿಕೊಟ್ಟ ಮೇಲೆ ಎಲ್ರಿಗೂ ಬರುತ್ತೆ. ಹೋಗ್ರೀ ಸುಮ್ನೆ."

ತನ್ನ ಪರೀಕ್ಷೆಯಲ್ಲಿ ತಾನೇ ನಪಾಸಾದ ಕ್ಲೆಮ್ ಹೋದ. ಬಹಳ ದೂರವೇನಲ್ಲ. ಪೆಪ್ಪರ್ ಮರದ ಜೋತುಬಿದ್ದ ಕೊಂಬೆಗಳ ಹಿಂದೆ ಹೋಗಿ ನಿಂತ. ಮನೆಗೆ ಹೋಗಲು ಕಾಲು ಬರಲಿಲ್ಲ.

ವಾಸೊ ಸುತ್ತ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸಮಾಧಿಯ ಅಂಚಿನ ಮೇಲೆ ಕೂತು, ಚಪ್ಪಲಿ ಕಳಚಿ, ಪಾದ ನೀವಿಕೊಂಡಳು.

"ಕೇಳಿದ್ಯಾ ಕ್ಲೆಮ್, ಇವತ್ತಿನ ಕತೆ?" ಎಂದಳು ಕಲ್ಲಿಗೆ. ಪ್ರತಿ ಭಾನುವಾರ ಮಾತಾಡಿ ಅಭ್ಯಾಸವಿದ್ದ ದನಿ. "ಮಕ್ಕಳು ಪ್ರಾರ್ಥನೆಗೆ ಬಂದ ಹಾಗೆ ಮಾಡಿ, ಕಾರು ಹತ್ತಿ ಹೊರಟೇಹೋದ್ರು. ಆಮೇಲೆ ಇಲ್ಲೊಬ್ಬ ಮುದುಕ. ನಾನೇ ಕ್ಲೆಮ್ ಅಂತಾನೆ! ನಿನಗೆ ಕೇಳಿಸ್ತಲ್ಲ, ನಕ್ಕಿರ್ತೀಯ."

ಮರದ ಹಿಂದೆ ಕ್ಲೆಮ್ ನಗಲಿಲ್ಲ.

"ಕೆಟ್ಟವನಲ್ಲ ಅನ್ಸುತ್ತೆ. ಗೋಧಿ ಒಂದು ಕಾಳು ಬಿಡದೆ ತಿಂದ. ಪಾಂಡೆಲಿಸ್ ಒಂದಿನಾನೂ ಹಾಗೆ ತಿಂದವನಲ್ಲ. ಚಹಾಕ್ಕೆ ಕರೆದ." ಅವಳು ಖಾಲಿ ಡಬ್ಬಿಯ ಮುಚ್ಚಳ ಒತ್ತಿದಳು. "ಸುಮ್ನೆ ಕರೆದಿದ್ರೆ ಹೋಗ್ತಿದ್ದೆ ಕಣೋ. ಮನೇಲಿ ಏನಿದೆ? ಎರಡು ಕುರ್ಚಿ ಇದೆ, ಒಂದರ ಮೇಲೆ ಬಟ್ಟೆ ಮಡಚಿ ಇಟ್ಟಿದೀನಿ. ಆದ್ರೆ ನಿನ್ನ ಹೆಸರು ಹೇಳ್ಕೊಂಡು ಕರೀತಾನಲ್ಲ, ಅದು ನನಗೆ ಸೇರಲಿಲ್ಲ. ಆದ್ರೂ ಹೋಗಿ ನೋಡಲಾ? ಗೇಟಿನ ಹತ್ರಾನೇ ಇರ್ತಾನೇನೋ. ನೀನೇ ಹೇಳು. ನೀನು ಹೂಂ ಅಂದ್ರೆ ಹೋಗ್ತೀನಿ."

ಕ್ಲೆಮ್ ಬಾಯಿ ತೆರೆದ. ಹೂಂ ಎನ್ನಬೇಕು. ಅಂದರೆ ಕಲ್ಲು ಮಾತಾಡಿತೆಂದು ಅವಳ ಎದೆಯೊಡೆದರೆ? ಎದುರಿಗೆ ಬಂದು ಅಂದರೆ, ಮರದ ಹಿಂದೆ ಅಡಗಿ ವಿಧವೆಯ ಮಾತು ಕದ್ದು ಕೇಳಿದ ಮುದುಕ. ಯಾವ ಕಡೆಯಿಂದ ಯೋಚಿಸಿದರೂ ಹೂಂ ಎನ್ನುವ ಬಾಯಿ ಅವನದಾಗಿರಲಿಲ್ಲ. ಉಸಿರನ್ನೂ ಬಿಗಿಹಿಡಿದು ನಿಂತ.

ವಾಸೊ ತಲೆ ಓರೆ ಮಾಡಿ ಕಾದಳು. ತುಂಬ ಹೊತ್ತು ಕಾದಳು.

"ಆಯ್ತು ಬಿಡು" ಎಂದಳು ಕೊನೆಗೆ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ನೀನು ಬೇಡ ಅಂದ ಮೇಲೆ ಬೇಡ."