ಹಸಿರು ಚುಕ್ಕಿಯ ಕಾಯ್ದೆ

ವೈಷ್ಣವಿಯ ಪ್ರಕಾರ ಜಗತ್ತಿನಲ್ಲಿ ಎರಡೇ ಬಗೆಯ ಆಹಾರ: ಸಸ್ಯಾಹಾರದ ಹಸಿರು ಚುಕ್ಕಿ ಇರುವುದು ಮತ್ತು ಅನುಮಾನಾಸ್ಪದವಾದದ್ದು. ಅತ್ತೆ ಗಿರಿಜಾಬಾಯಿಯ ಅಡುಗೆಮನೆ ಇಡಿಯಾಗಿ ಎರಡನೆಯದಕ್ಕೆ ಸೇರಿತ್ತು. ಹೊಲದ ಜೋಳ, ಮನೆ ಎಮ್ಮೆಯ ತುಪ್ಪ, ಮಂಚದ ಮೇಲೆ ಒಣಗಿಸಿದ ಶಾವಿಗೆ, ಯಾವುದರ ಮೇಲೂ ಚುಕ್ಕಿಯಿಲ್ಲ, ಅಕ್ಷರವಿಲ್ಲ. ತಲೆಮಾರುಗಳಿಂದ ಬೆಳ್ಳುಳ್ಳಿಗಿಂತ ಘಾಟಿನದನ್ನು ಮೂಸದ ಲಿಂಗಾಯತ ಮನೆ ಎಂಬುದೇನೋ ನಿಜ. ಆದರೆ ಪುಣೆಯಲ್ಲಿ ಓದಿದ ವೈಷ್ಣವಿಗೆ ಮುದ್ರಿತ ಸಾಕ್ಷಿ ಬೇಕು.

ಮಗಳು ಸೋನಾಲಿ ಹುಟ್ಟಿದ ಮೇಲೆ ಈ ಕಾಯ್ದೆ ಇನ್ನೂ ಬಿಗಿಯಾಯಿತು. ಮಹಾರಾಷ್ಟ್ರದ ಗಡಿಯಲ್ಲಿರುವ ಔರಾದ ಶಹಾಜನಿ ಊರಿನ ಕಿರಾಣಿ ಅಂಗಡಿಯವನು ಅವಳು ಬರುವುದು ಕಂಡರೆ ತನ್ನ ಕನ್ನಡಕ ತೆಗೆದು ಮುಂದಿಡುತ್ತಿದ್ದ (ಸಣ್ಣ ಅಕ್ಷರ ಅವಳೇ ಓದಿಕೊಳ್ಳಲೆಂದು). ಎರಡೂವರೆ ವರ್ಷದ ಸೋನಾಲಿಗೂ ತರಬೇತಿಯಾಗಿತ್ತು. ಹಸಿರು ಚುಕ್ಕಿ ತೋರಿಸಿದರೆ ಬಾಯಿ ತೆರೆಯುವಳು, ಕಂದು ಚುಕ್ಕಿ ತೋರಿಸಿದರೆ ಮೂಗು ಹಿಡಿದು "ಛೀ!" ಅನ್ನುವಳು.

ಇಂಥ ಮನೆಗೆ ಆ ಸೋಮವಾರ ರೇವಯ್ಯನವರು ಬರುವವರಿದ್ದರು, ಸೋನಾಲಿಯ ಕೊರಳಿಗೆ ಲಿಂಗ ಕಟ್ಟಲು. ಮನೆತನದ ಜಂಗಮರು, ವೈಷ್ಣವಿಯ ಗಂಡ ಶ್ರೀಮಂತನಿಗೂ ಕಟ್ಟಿದವರು ಅವರೇ. ಕಂಡಕಂಡಲ್ಲಿ ನೀರನ್ನೂ ಮುಟ್ಟದ ಮನುಷ್ಯ. ಅವರಿಗೆ ಖೀರು ಮನೆಯ ಶಾವಿಗೆಯದೋ, ಅಂಗಡಿಯ ಪುಡಕಿಯ (ಪೊಟ್ಟಣದ) ಶಾವಿಗೆಯದೋ ಎಂಬುದರ ಮೇಲೆ ಮುಂಜಾನೆಯೇ ಸಮರ ಶುರುವಾಯಿತು.

"ನನ್ನ ಶಾವಿಗಿ ಡಬ್ಬಿ ತುಂಬ ಅದಾವ. ಈ ಪುಡಕಿ ಯಾಕ?" ಎಂದಳು ಗಿರಿಜಾಬಾಯಿ.

"ಆಯೀ, ಪುಡಕಿ ಮ್ಯಾಲ ಹಸಿರು ಚುಕ್ಕಿ ಅದರಿ. ಗ್ಯಾರಂಟಿ."

"ನಮ್ಮ ಹೊಲದ ಗೋದಿಗಿ ಯಾರ ಗ್ಯಾರಂಟಿ ಬೇಕವ್ವಾ? ಗೋದಿ ಏನ್ ಕೋಳಿ ಕೂಡ ಸೋಬತಿ ಮಾಡ್ತದೇನ?"

"ಕೂಸಿನ ಕಾರ್ಯಾ ಅದರಿ. ನಂಗ ಅಂಜಿಕಿ ಆಗ್ತದ."

ಶ್ರೀಮಂತ ಎರಡೂ ಕಡೆ ನೋಡಿ, "ಎರಡೂ ಚಲೋನೇ ಅವ" ಎಂದು ತೀರ್ಪಿತ್ತು ಎಮ್ಮೆಯ ಕಡೆಗೆ ಹೊರಟುಹೋದ. ಕಡೆಗೆ ಪುಡಕಿ ಗೆದ್ದಿತು. ಬದಲಿಗೆ ಅತ್ತೆಯ ಒಂದು ಮಾತು ನಡೆಯಿತು: ದಿನವೂ ಸಾಸಿವೆಯಷ್ಟು ಕರಿ ಟಿಕಲಿ (ಹಣೆಬೊಟ್ಟು) ಹಚ್ಚುವ ವೈಷ್ಣವಿ, ಅಂದು ಕಾಫಿ ಬಣ್ಣದ ರೇಷ್ಮೆ ಸೀರೆ ಉಟ್ಟು ಅದಕ್ಕೆ ಜೋಡಿಯಾಗುವ ಅಗಲವಾದ ಟಿಕಲಿ ಹಣೆಗೆ ಅಂಟಿಸಿಕೊಂಡಳು.

ಲಿಂಗಧಾರಣೆ ಸಾಂಗವಾಗಿ ಮುಗಿಯಿತು. ಪಂಕ್ತಿ ಕೂತಿತು. ಒಲೆಯ ಮುಂದೆ ಸೋನಾಲಿ ತಾಯಿಯ ಸೊಂಟವೇರಿ ಕಿವಿ, ಮೂಗು, ಮುಖವನ್ನೆಲ್ಲ ಕೆದರತೊಡಗಿದಳು. ಬೇಸತ್ತ ವೈಷ್ಣವಿ ಅವಳನ್ನು ಕೆಳಗಿಳಿಸಿ ಖಾಲಿ ಪುಡಕಿಯನ್ನು ಆಟಕ್ಕೆ ಕೊಟ್ಟಳು. ಕೂಸು ಗಪ್ಪಾಯಿತು.

"ಖೀರು ಭಾರೀ ಆಗ್ಯಾದ ತಾಯಿ, ಇನ್ನೊಂದೀಟು ಹಾಕ್ರಿ," ಎಂದರು ರೇವಯ್ಯ. ಬಡಿಸುವಾಗ ಅವಳ ಮುಖ ನೋಡಿದವರು ಏನೋ ಹೇಳಹೋಗಿ ನಿಲ್ಲಿಸಿದರು. ಹುಬ್ಬು ಗಂಟಾಯಿತು.

ಅಡುಗೆಮನೆಗೆ ಮರಳಿ ಪುಡಕಿ ಎತ್ತಿಡುವಾಗ ವೈಷ್ಣವಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದಳು. ಚುಕ್ಕಿಯ ಜಾಗದಲ್ಲಿ ಚುಕ್ಕಿ ಇತ್ತು. ಆದರೆ ಕಂದು! (ಈಗ ಮಾಂಸಾಹಾರಕ್ಕೆ ತ್ರಿಕೋನದ ಗುರುತು ಎಂದು ಅವಳು ಓದಿದ್ದಳು. ಇದು ದುಂಡಗಿದೆ, ಅಂದರೆ ಹಳೇ ಮಾಲು. ಮಾಂಸಾಹಾರ, ಮೇಲೆ ಹಳಸಿದ್ದು!) ಇಷ್ಟು ತಲೆಮಾರುಗಳ ಶುದ್ಧಾಚಾರ ಒಂದು ಪಾತೇಲಿ ಖೀರಿನಲ್ಲಿ ಮುಳುಗಿಹೋಗಿತ್ತು. ಆಗಷ್ಟೇ ಲಿಂಗ ಕಟ್ಟಿಸಿಕೊಂಡ ಮಗಳೂ ಎರಡು ಚಮಚ ನುಂಗಿದ್ದಳು.

ಅವಳು ಗಂಡನನ್ನು ಬಾಗಿಲ ಮರೆಗೆ ಎಳೆದಳು.

"ಶಾವಿಗ್ಯಾಗ ಏನ್ ಹಾಕಿರ್ತಾರ? ತತ್ತಿ?" ಶ್ರೀಮಂತ ಪಿಸುಗುಟ್ಟಿದ.

"ತತ್ತೀನೋ ಮೀನೋ ನಂಗೇನ್ ಗೊತ್ತರಿ! ನಾ ಮುಂಜಾನಿ ಹಸಿರು ನೋಡೀನಿ, ಆಣಿಮಾಡಿ ಹೇಳ್ತೀನಿ!"

"ಜಾಊ ದೇ, ಬಿಟ್ಟಬಿಡು. ತಿಂದಾಗ್ಯಾದ. ಸುಮ್ನಿರು."

"ಅಯ್ಯನೋರಿಗಿ ಗೊತ್ತಾಗ್ಯಾದರಿ! ನನ್ನ ಮಾರಿ ಹ್ಯಾಂಗ ನೋಡ್ಲತ್ತಾರ ನೋಡ್ರಿ. ಅವರು ಇನ್ನ ನಮ್ಮ ಹೊಸ್ತಿಲಾ ತುಳೀತಾರೇನ? ನನ್ನ ಕೂಸಿನ ಗತಿ ಏನ್ರಿ?"

ಹೊರಗೆ ರೇವಯ್ಯ ಮತ್ತೆ ಬಟ್ಟಲು ತುಟಿಗೆತ್ತಿದ್ದರು. ವೈಷ್ಣವಿಯಿಂದ ತಡೆಯಲಾಗಲಿಲ್ಲ.

"ಉಣಬ್ಯಾಡ್ರೀ!"

ಪಂಕ್ತಿಗೆ ಪಂಕ್ತಿಯೇ ಕಲ್ಲಾಯಿತು. ವೈಷ್ಣವಿ ಪುಡಕಿ ಹಿಡಿದು ಬಿಕ್ಕುತ್ತಾ ಎಲ್ಲವನ್ನೂ ಒಪ್ಪಿಸಿದಳು: ಚುಕ್ಕಿ, ಹಳೇ ಮಾಲು, ತತ್ತಿ, ಮೀನು. ರೇವಯ್ಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

ಗಿರಿಜಾಬಾಯಿ ಪುಡಕಿ ಇಸಿದುಕೊಂಡಳು. ಪುಡಕಿ ನೋಡಿದಳು. ಸೊಸೆಯ ಹಣೆ ನೋಡಿದಳು. ಮತ್ತೆ ಪುಡಕಿ ನೋಡಿದಳು. ಆಮೇಲೆ ಉಗುರಿನಿಂದ ಕಂದು ಚುಕ್ಕಿಯ ಅಂಚು ಕೆರೆದಳು. ಅದು ಚಕ್ಕನೆ ಎದ್ದು ಅವಳ ಬೆರಳಿಗೆ ಅಂಟಿಕೊಂಡಿತು. ಅಡಿಯಲ್ಲಿ ಅಚ್ಚ ಹಸಿರು ಚುಕ್ಕಿ ನಗುತ್ತಿತ್ತು.

"ಅಗೋ ಬಾಯಿ! ಇದು ನಿನ್ನ ಟಿಕಲಿ ಅಲ್ಲೇನ?"

ವೈಷ್ಣವಿ ಹಣೆ ಮುಟ್ಟಿಕೊಂಡಳು. ಹಣೆ ಬೋಳಾಗಿತ್ತು. ಎಲ್ಲರೂ ಸೋನಾಲಿಯ ಕಡೆ ತಿರುಗಿದರು. ಸೋನಾಲಿ ಛಾವಣಿ ನೋಡಿದಳು.

"ನಾನೂ ಆವಾಗಿಂದ ಹೇಳ್ಬೇಕಂತಿದ್ದೆ ತಾಯಿ," ಎಂದರು ರೇವಯ್ಯ. "ಟಿಕಲಿ ಬಿದ್ದದಂತ. ಹೆಣ್ಮಕ್ಕಳ ಮಾತು, ನಾ ಹ್ಯಾಂಗ ಹೇಳ್ಲಿ ಅಂತ ಸುಮ್ನಾದೆ." ಬಟ್ಟಲು ಮುಂದೆ ಸರಿಸಿದರು. "ಆರಿಹೋಯ್ತು ನೋಡ್ರಿ. ಬಿಸೀದು ಹಾಕ್ರಿ."

ವೈಷ್ಣವಿಗೆ ಅಳುವೂ ನಗುವೂ ಕೂಡಿಯೇ ಬಂದವು. ರೇವಯ್ಯನವರ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದಳು. ಗಿರಿಜಾಬಾಯಿ ಬೆರಳಿನ ಟಿಕಲಿಯನ್ನು ಸೊಸೆಯ ಹಣೆಗೆ ಒತ್ತಿ, "ಈಗ ಕೂಸಿಗಿ ಉಣಸು ಹೋಗು" ಎಂದಳು.

ವೈಷ್ಣವಿ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಖೀರಿನ ಚಮಚ ಎತ್ತಿದಳು. ಸೋನಾಲಿ ಚಮಚ ನೋಡಲಿಲ್ಲ. ತಾಯಿಯ ಹಣೆ ನೋಡಿದಳು. ಕಲಿಸಿದ ಪಾಠ ಮರೆಯುವ ಕೂಸಲ್ಲ ಅದು. ಮೂಗು ಹಿಡಿದುಕೊಂಡಿತು.

"ಮಮ್ಮಿ ಛೀ!"

ತೊಡೆಯಿಂದ ಜಾರಿ, ಹಣೆಯಲ್ಲಿ ವಿಭೂತಿ ಬಿಟ್ಟರೆ ಯಾವ ಚುಕ್ಕಿಯೂ ಇಲ್ಲದ ಅಜ್ಜಿಯ ಮುಂದೆ ಹೋಗಿ ಕೂತು, ದೊಡ್ಡದಾಗಿ ಬಾಯಿ ತೆರೆಯಿತು.