ಕನಿಷ್ಠ ಕೂಲಿಯ ನಂಟರು

ಕಾನೂನು ಒಂದು ಹೇಳುತ್ತದೆ, ಜನಕ್ಕೆ ಇನ್ನೊಂದು ಕೇಳಿಸುತ್ತದೆ. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದಷ್ಟು ಕಾಲವೂ ಇದನ್ನೇ ಕಂಡೆ. ತೆರಕಣಾಂಬಿಯ ಒಂದು ಅರಿಸಿನ ಶೆಡ್ಡಿನದು ಮಾತ್ರ ಹೇಳುತ್ತೇನೆ.

ಮೊದಲ ಸಲ

ಹೆಂಗಸರು ಅರಿಸಿನದ ಕೊಂಬು ಆರಿಸುತ್ತಿದ್ದರು. ಯಜಮಾನ ಕುರ್ಚಿ ಹಾಕಿದ, ಎಳನೀರು ತರಿಸಿದ. ಎಳನೀರು ಬೇಡ ಎಂದೆ. ಕನಿಷ್ಠ ಕೂಲಿ ಕೊಡುತ್ತೀಯಾ ಎಂದು ಕೇಳಿದೆ.

ಎದೆ ಉಬ್ಬಿಸಿದ. "ಅದ್ರಲ್ಲಿ ಅನುಮಾನನೇ ಬ್ಯಾಡಿ ಸಾರ್. ಗುಂಡ್ಲುಪೇಟೆ ತಾಲ್ಲೂಕಲ್ಲೇ ನಮ್ಗಿಂತ ಕನಿಷ್ಠ ಕೊಡೋರು ಯಾರೂ ಇಲ್ಲ."

ಬೋರ್ಡು

ಸರ್ಕಾರ ಗೊತ್ತುಮಾಡಿದ್ದಕ್ಕಿಂತ ಕಡಿಮೆ ಕೊಡಬಾರದು, ಅಷ್ಟೇ ಅರ್ಥ ಎಂದು ತಿಳಿಸಿದೆ. ಆ ದರ ಬರೆದ ಬೋರ್ಡನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕು ಎಂದೆ.

ಮತ್ತೆ ಹೋದಾಗ ಬೋರ್ಡು ಇತ್ತು. ದೇವರ ಪಟಗಳ ಸಾಲಿನಲ್ಲಿ. ದರ ಕಾಣದ ಹಾಗೆ ದಪ್ಪ ಚೆಂಡುಹೂವಿನ ಹಾರ. ಮುಂದೆ ಊದುಬತ್ತಿ.

ಇದೇನು ಗೊತ್ತಾ ಎಂದು ಅಲ್ಲಿದ್ದ ಮುದುಕಿಯನ್ನು ಕೇಳಿದೆ.

"ಯಾವ್ ದ್ಯಾವ್ರೋ ಕಾಣೆ ಕಣಪ್ಪ. ದಿನಾ ಕೈ ಮುಗೀತೀವಿ. ಇನ್ನೂ ಒಲ್ದಿಲ್ಲ."

ನಂಟರು

ಹಾರ ತೆಗೆಸಿದೆ. ದರ ಓದಿ ಹೇಳಿದೆ. ಆರಿಸುತ್ತಿದ್ದ ಕೈಗಳೆಲ್ಲ ನಿಂತವು.

ಯಜಮಾನ ವರಸೆ ಬದಲಿಸಿದ. ಇವರು ಯಾರೂ ಕೂಲಿಯವರಲ್ಲ, ಎಲ್ಲಾ ನಂಟರು, ಕೈಜೋಡಿಸಲು ಬಂದಿದ್ದಾರೆ ಎಂದ.

ಮುದುಕಿಯ ಮುಖ ನೋಡಿದೆ. ಅಲ್ಲ ಅಂದರೆ ನಾಳೆಯಿಂದ ಕೆಲಸವಿಲ್ಲ. ಹೌದು ಅಂದರೆ ಕೂಲಿ ಏರುವುದಿಲ್ಲ. ಅವಳು ಎಲೆಅಡಿಕೆ ಜಗಿಯುತ್ತಾ, "ಊಂ ಸಾರ್, ನಂಟ್ರೇ" ಅಂದಳು. ಹೆದರಿದ ದನಿಯಲ್ಲ. ಮತ್ತೆ ಯಾಕೆ ಹಾಗಂದಳು? ಬಸ್ಸಿನಲ್ಲಿ ಚಾಮರಾಜನಗರ ಮುಟ್ಟುವವರೆಗೂ ಯೋಚಿಸಿದೆ. ಹೊಳೆಯಲಿಲ್ಲ.

ಆ ತಿಂಗಳಲ್ಲೇ ಯಜಮಾನನ ದೊಡ್ಡ ಮಗಳ ಮದುವೆ, ಗುಂಡ್ಲುಪೇಟೆಯ ಛತ್ರದಲ್ಲಿ. ಶೆಡ್ಡಿನ ಹೆಂಗಸರೆಲ್ಲ ಮಕ್ಕಳುಮರಿ ಸಮೇತ ಹಿಂದಿನ ದಿನವೇ ಬಂದಿಳಿದರಂತೆ. ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತರಂತೆ. ಆಮೇಲೆ ಮುದುಕಿ ಬೀಗರ ಎದುರಿಗೇ ತನ್ನ ಹಳದಿ ಕೈ ಚಾಚಿದಳಂತೆ.

"ಅರಿಸ್ನ ನಮ್ ಕೈಲೇ ಅದೆ ಕಣಪ್ಪ. ಕುಂಕ್ಮ, ಸೀರೆ ಕೊಟ್ಬುಡು ಸಾಕು. ನಂಟ್ರಲ್ವಾ."

ಬೀಗರ ಮುಂದೆ ಇಲ್ಲ ಅನ್ನಲಾದೀತೆ? ಎಲ್ಲರಿಗೂ ಸೀರೆ ಕೊಟ್ಟ.

ಸೋಮವಾರ ಬಾಗಿಲು ತೆಗೆಯುವ ಮೊದಲೇ ನಮ್ಮ ಆಫೀಸಿನ ಮುಂದೆ ನಿಂತಿದ್ದ. ಅವರೆಲ್ಲ ಕೂಲಿಯವರೇ, ಬೋರ್ಡಿನಲ್ಲಿ ಇದ್ದಷ್ಟೂ ಕೊಡುತ್ತೇನೆ, ಈಗಲೇ ಬರೆದುಕೊಳ್ಳಿ ಎಂದ. ನಂಟರಲ್ಲವಾ ಎಂದೆ.

"ಅಲ್ಲ ಕಣಿ ಸಾರ್. ಬಿರ್ನೆ ಬರ್ಕಳಿ. ಇನ್ನೂ ಇಬ್ರು ಹೆಣ್ಮಕ್ಳ ಮದ್ವೆ ಅದೆ."